ಅಜ್ಜಿಯ ಗಿನ್ನಿಗೆ ಗ್ರೇಡಿಂಗ್ ಬೇಕಾ? ಕೈಬಿಟ್ಟು ಕಳಿಸುವ ಮುಂಚೆ ಮನೆಯಲ್ಲೇ ಮಾಡುವ ಲೆಕ್ಕ

ಹಳೇ ಹುಬ್ಬಳ್ಳಿಯ ನಮ್ಮ ಮನೆ ಪಾಲಾಗುವಾಗ ಅಜ್ಜಿಯ ಟ್ರಂಕಿನ ತಳದಲ್ಲಿ ಒಂದು ಇಳಕಲ್ ಸೀರೆ ಸಿಕ್ಕಿತು. ಸೆರಗಿನ ತುದಿಗೆ ಒಂದು ಗಂಟು, ಗಂಟಿನೊಳಗೆ ಐದು ಬಂಗಾರದ ನಾಣ್ಯ. ಎರಡು ಗಿನ್ನಿ, ಒಂದು ಮೊಹರು, ಒಂದು ಪುತಳಿ, ಮತ್ತೆ ತೊಗರಿಬೇಳೆಯಷ್ಟೇ ಇರುವ, "ಹಣ" ಅನ್ನುವ ಒಂದು ಹಳೇ ಪುಟ್ಟ ನಾಣ್ಯ. ಕಾಕಾ "ತೂಕ ಮಾಡಿಸಿ ಪಾಲು ಹಚ್ಚಿ ಬಿಡೋಣು" ಅಂದರು. ಬೆಂಗಳೂರಿನಲ್ಲಿರುವ ತಮ್ಮ ಫೋನ್‌ನಲ್ಲೇ ಕೂಗಿದ: "ಯಾರೂ ಕರಗಸಬ್ಯಾಡ್ರಿ, ಗ್ರೇಡಿಂಗ್‌ಗೆ ಕಳಸೋಣು, ಹತ್ತು ಪಟ್ಟು ರೊಕ್ಕ ಬರ್ತೈತಿ." ಇಬ್ಬರೂ ತಪ್ಪು. ಅದು ನನಗೆ ಗೊತ್ತಾಗೋಕೆ ಎಂಟು ತಿಂಗಳು ಬೇಕಾಯಿತು, ನಡುವೆ ಒಂದು ನಾಣ್ಯವನ್ನು ಹಾಳು ಮಾಡಿಕೊಂಡೂ ಆಯಿತು. ನಿಮಗೆ ಅಷ್ಟು ಹೊತ್ತು ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಗ್ರೇಡಿಂಗ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಪರಿಣತರು ನಾಣ್ಯ ನೋಡುತ್ತಾರೆ, ಅಸಲಿಯೋ ಖೋಟಾನೋ ಹೇಳುತ್ತಾರೆ, ಎಷ್ಟು ಸವೆದಿದೆ ಅನ್ನೋದಕ್ಕೆ 1ರಿಂದ 70ರವರೆಗೆ ಒಂದು ಅಂಕ ಕೊಡುತ್ತಾರೆ, ಆಮೇಲೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ನಂಬರ್ ಇರುವ ಚೀಟಿ ಹಾಕಿ ವಾಪಸ್ ಕೊಡುತ್ತಾರೆ. ಆ ಡಬ್ಬಿಗೆ ಸ್ಲ್ಯಾಬ್ ಅನ್ನುತ್ತಾರೆ. ಈ 70ರ ಅಳತೆ ವಿಲಿಯಂ ಶೆಲ್ಡನ್ ಅನ್ನುವವರು 1949ರಲ್ಲಿ ಅಮೆರಿಕದ ಹಳೇ ತಾಮ್ರದ ಸೆಂಟ್‌ಗಳಿಗೆ ಮಾಡಿದ್ದು. ಅದೇ ಈಗ ಎಲ್ಲ ನಾಣ್ಯಕ್ಕೂ ನಡೆಯುತ್ತಿದೆ. ದೊಡ್ಡ ಹೆಸರು ಎರಡು: ಪಿಸಿಜಿಎಸ್ ಮತ್ತು ಎನ್‌ಜಿಸಿ. ಒಂದು 1986ರಲ್ಲಿ, ಇನ್ನೊಂದು 1987ರಲ್ಲಿ ಕೆಲಸ ಶುರು ಮಾಡಿದವು. ಎರಡೂ ಅಮೆರಿಕದವು. ಇದನ್ನು ನೆನಪಿಡಿ, ಮುಂದೆ ಕಾನೂನಿನ ಮಾತು ಬಂದಾಗ ಬೇಕಾಗುತ್ತದೆ.

ಹೆಜ್ಜೆ 1: ತೊಳೆಯಬೇಡಿ

ಇದು ಮೊದಲನೇದು, ಇದರಲ್ಲಿ ತಪ್ಪಿದರೆ ಉಳಿದ ಹೆಜ್ಜೆಗಳಿಗೆ ಅರ್ಥವೇ ಇಲ್ಲ.

ನಮ್ಮ ಕಡೆ ದೀಪಾವಳಿಯ ಲಕ್ಷ್ಮೀ ಪೂಜೆಗೆ ಬಂಗಾರ ಇಡುತ್ತೇವೆ ಅಲ್ವಾ, ಇಡುವ ಮುಂಚೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇವೆ, ಇಲ್ಲ ಅಂದರೆ ಅಂಟವಾಳದ ನೀರಲ್ಲಿ ನೆನೆಸಿ ಹಳೇ ಬ್ರಶ್ ತಗೊಂಡು ಉಜ್ಜುತ್ತೇವೆ. ಬಳೆಗೆ ಅದು ಸರಿ. ನಾಣ್ಯಕ್ಕೆ ಅಲ್ಲ. ಬ್ರಶ್ಶಿನ ಒಂದೊಂದು ಎಳೆಯೂ ಬಂಗಾರದ ಮೇಲೆ ಕೂದಲಿಗಿಂತ ತೆಳುವಾದ ಗೀರು ಎಳೆಯುತ್ತದೆ. ಕಣ್ಣಿಗೆ ಫಳಫಳ ಕಾಣುತ್ತದೆ, ಭೂತಗನ್ನಡಿ ಹಿಡಿದರೆ ಗೀರಿನ ಕಾಡು. ಗ್ರೇಡ್ ಮಾಡುವವರು ಅದನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ.

ನಮ್ಮ ಮೊಹರಿನ ಕಥೆ ಅದೇ. 1862ರ ವಿಕ್ಟೋರಿಯಾ ರಾಣಿಯ ಮೊಹರು, ಅಜ್ಜಿ ಅದನ್ನು ಒಂದು ಸಲವೂ ಹೊರಗೆ ತೆಗೆದವರಲ್ಲ, ಮೈಮೇಲೆ ಹಳೇ ಬಂಗಾರದ ಆ ಮಂದ ಕೆಂಪು ಇತ್ತು. "ಪಾಲಿಗೆ ಕೊಡೂ ಮುಂದ ಚಂದ ಕಾಣ್ಲಿ" ಅಂತ ಕಾಕಾ ಅದನ್ನು ಒಂದು ಅಂಗಡಿಯಲ್ಲಿ ಕೊಟ್ಟು ಪಾಲಿಶ್ ಮಾಡಿಸಿಕೊಂಡು ಬಂದರು. ಐವತ್ತು ರೂಪಾಯಿ ತಗೊಂಡರಂತೆ. ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದಿದ್ದರು, ರಾಣಿಯ ಕಿವಿಯ ಹತ್ತಿರದ ಕೂದಲು ಮೆತ್ತಗಾಗಿ ಹೋಗಿತ್ತು. ಕಾಕಾನ ಮೇಲೆ ಸಿಟ್ಟು ಬಂತು, ಆದರೆ ಅವರಿಗೆ ಹೇಳಿದ್ದು ಯಾರು? ಅವರ ಪಾಲಿಗೆ ಅದು ಒಂದು ಒಡವೆ.

ಹಾಗಾಗಿ: ಕುಂಕುಮ ಇದ್ದರೆ ಇರಲಿ, ಅರಿಶಿನ ಇದ್ದರೆ ಇರಲಿ, ಮಣ್ಣು ಕಚ್ಚಿದ್ದರೂ ಇರಲಿ. ಮುಖಕ್ಕೆ ಬೆರಳು ತಾಗಿಸದೆ ಅಂಚಿನಲ್ಲಿ ಹಿಡಿಯಿರಿ. ಕೆಳಗೆ ದಪ್ಪ ಟವೆಲ್ ಹಾಸಿಕೊಂಡೇ ನೋಡಿ, ಗಚ್ಚಿನ ನೆಲಕ್ಕೆ ಬಿದ್ದರೆ ಅಂಚಿಗೆ ಬೀಳುವ ಹೊಡೆತವನ್ನು ಯಾವ ಪತ್ತಾರನೂ ಸರಿ ಮಾಡಲಾರ. ಒಡವೆ ಅಂಗಡಿಯವರು ಕೊಡುವ ಮೆತ್ತನೆ ಪ್ಲಾಸ್ಟಿಕ್ ಪೌಚಿನಲ್ಲಿ ವರ್ಷಗಟ್ಟಲೆ ಇಡಬೇಡಿ, ಪಿವಿಸಿ ಪ್ಲಾಸ್ಟಿಕ್ ಕ್ರಮೇಣ ಅಂಟಂಟಾಗಿ ನಾಣ್ಯಕ್ಕೆ ಹತ್ತುತ್ತದೆ. ನಾಣ್ಯ ಸಂಗ್ರಹಿಸುವವರು ಬಳಸುವ ರಟ್ಟಿನ ಹೋಲ್ಡರ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಅಗ್ಗ. ಅದಕ್ಕೆ ಪಿನ್ ಹೊಡೆಯುವಾಗ ಪಿನ್ನು ನಾಣ್ಯಕ್ಕೆ ತಾಗದ ಹಾಗೆ ನೋಡಿಕೊಳ್ಳಿ, ಅಷ್ಟೇ.

ಹೆಜ್ಜೆ 2: ನಿಮ್ಮ ಕೈಯಲ್ಲಿರೋದು ಏನು ಅಂತ ತಿಳಿದುಕೊಳ್ಳಿ

ಬೇಕಾದ ಸಾಮಾನು ಮೂರು. 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಮತ್ತೆ ಒಂದು ಸ್ಕೇಲು. ವರ್ನಿಯರ್ ಕ್ಯಾಲಿಪರ್ ಇದ್ದರೆ ಇನ್ನೂ ಒಳ್ಳೇದು, ಆದರೆ ಪ್ಲಾಸ್ಟಿಕ್‌ನದು ತಗೊಳ್ಳಿ, ಉಕ್ಕಿನ ಬಾಯಿ ಬಂಗಾರಕ್ಕೆ ಗೀರು ಹಾಕುತ್ತದೆ.

ಗಿನ್ನಿ ಅಂತ ನಾವು ಕರೆಯೋದು ಬ್ರಿಟಿಷರ ಸವರಿನ್‌ಗೆ. ತೂಕ 7.99 ಗ್ರಾಂ, ಅಗಲ 22 ಮಿ.ಮೀ., 22 ಕ್ಯಾರೆಟ್, ಅಂದರೆ ಒಳಗಿರುವ ಅಪ್ಪಟ ಬಂಗಾರ 7.32 ಗ್ರಾಂ. 2011ರಿಂದ 2018ರವರೆಗಿನ ಇಸ್ವಿಯ ಒಂದು ರೂಪಾಯಿ ನಾಣ್ಯವನ್ನು ಅದರ ಮೇಲಿಟ್ಟು ನೋಡಿ, ಅಗಲ ಹೆಚ್ಚುಕಡಿಮೆ ಒಂದೇ, ತೂಕ ಮಾತ್ರ ಗಿನ್ನಿಯದು ಎರಡು ಪಟ್ಟು. ಒಂದು ಕಡೆ ರಾಜನ ಇಲ್ಲ ರಾಣಿಯ ಮುಖ, ಇನ್ನೊಂದು ಕಡೆ ಹೆಚ್ಚಿನವುಗಳಲ್ಲಿ ಕುದುರೆ ಮೇಲೆ ಕೂತು ಡ್ರ್ಯಾಗನ್ ಕೊಲ್ಲುವ ಸೇಂಟ್ ಜಾರ್ಜ್. ಕುದುರೆ ಕಾಲ ಕೆಳಗಿನ ನೆಲದ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿ. ಇಸ್ವಿಯ ಮೇಲೆ ಒಂದು ಸಣ್ಣ ಇಂಗ್ಲಿಷ್ ಅಕ್ಷರ ಇರಬಹುದು. ಎಂ ಇದ್ದರೆ ಮೆಲ್ಬರ್ನ್, ಎಸ್ ಇದ್ದರೆ ಸಿಡ್ನಿ, ಪಿ ಇದ್ದರೆ ಪರ್ತ್, ಸಿ ಇದ್ದರೆ ಕೆನಡಾದ ಒಟಾವಾ, ಎಸ್‌ಎ ಇದ್ದರೆ ಪ್ರಿಟೋರಿಯಾ. ಐ ಇದ್ದರೆ ನಮ್ಮ ಬಾಂಬೆ. ಬ್ರಿಟಿಷರ ಕಾಲದಲ್ಲಿ ಬಾಂಬೆಯಲ್ಲಿ ಗಿನ್ನಿ ಅಚ್ಚಾಗಿದ್ದು 1918ರ ಇಸ್ವಿಯದು ಒಂದೇ. ಆದರೆ ಐ ಕಂಡ ಕೂಡಲೇ ಕುಣಿಯಬೇಡಿ, 2013ರಿಂದ ಭಾರತದಲ್ಲೇ ಮತ್ತೆ ಅಚ್ಚಾದ ಹೊಸ ಸವರಿನ್‌ಗಳ ಮೇಲೂ ಐ ಇದೆ. ಅವುಗಳ ಮೇಲೆ ಎಲಿಜಬೆತ್ ರಾಣಿ ಇದ್ದಾಳೆ. ಇಸ್ವಿ ಓದಿ.

ಗಿನ್ನಿಯಷ್ಟೇ ತೂಕದ್ದು, ಆದರೆ ಕುದುರೆ ಇಲ್ಲದೆ "15 ರೂಪೀಸ್" ಅಂತ ಇಂಗ್ಲಿಷಿನಲ್ಲಿ ಬರೆದಿದ್ದರೆ ಅದು 1918ರ ಹದಿನೈದು ರೂಪಾಯಿ ಬಂಗಾರದ ನಾಣ್ಯ. ಇದನ್ನು ಗಿನ್ನಿ ಲೆಕ್ಕಕ್ಕೆ ಮಾರಬೇಡಿ. ಬಂಗಾರ ಅಷ್ಟೇ ಇದ್ದರೂ ಸಂಗ್ರಹಕಾರರು ಇದಕ್ಕೆ ಜಾಸ್ತಿ ಕೊಡುತ್ತಾರೆ.

ಮೊಹರು ಇನ್ನೂ ದೊಡ್ಡದು, 11.66 ಗ್ರಾಂ. ಅದು ಬರೋಬ್ಬರಿ ಒಂದು ಹಳೇ ತೊಲಿ. ಈಗ ನಮ್ಮ ಅಂಗಡಿಗಳಲ್ಲಿ ತೊಲಿ ಅಂದರೆ ಹತ್ತು ಗ್ರಾಂ ಅಂತ ಆಗಿಬಿಟ್ಟಿದೆ, "ಒಂದು ತೊಲಿ ಐತಿ" ಅಂತ ಬಾಯಿಮಾತಲ್ಲಿ ಮುಗಿಸಿದರೆ ಒಂದೂವರೆ ಗ್ರಾಂ ಸುಮ್ನೆ ಹೋಯಿತು. 1835ರ ನಾಲ್ಕನೇ ವಿಲಿಯಂನ ಮೊಹರಿನಲ್ಲಿ ಹಿಂದೆ ಸಿಂಹ ಮತ್ತು ತಾಳೆಮರ ಇರುತ್ತದೆ. ಅದನ್ನು ಟಂಕಸಾಲೆಯೇ ಆಮೇಲೆ ಮತ್ತೆ ಅಚ್ಚು ಹಾಕಿದ್ದೂ ಇದೆ. ಮೊದಲ ಅಚ್ಚು ಮತ್ತು ಮರು ಅಚ್ಚಿನ ಬೆಲೆ ಬೇರೆ ಬೇರೆ, ಮನೆಯಲ್ಲಿ ಕೂತು ಇದನ್ನು ಹೇಳೋಕೆ ಆಗಲ್ಲ.

ಇನ್ನು ಪುತಳಿ. ನಮ್ಮ ಕಡೆ ಪುತಳಿ ಸರ ಇಲ್ಲದ ಹಳೇ ಮನೆತನ ಕಡಿಮೆ. ಇದರ ಮೂಲ ಇಟಲಿಯ ವೆನಿಸ್‌ನ ಡ್ಯುಕಟ್, ಮೂರೂವರೆ ಗ್ರಾಂನ ಅಪ್ಪಟ ಬಂಗಾರದ ನಾಣ್ಯ, ಸಮುದ್ರ ವ್ಯಾಪಾರದಲ್ಲಿ ಇಲ್ಲಿಗೆ ಬಂದಿದ್ದು. ಜನ ಎಷ್ಟು ಇಷ್ಟಪಟ್ಟರು ಅಂದರೆ ಇಲ್ಲಿನ ಅಕ್ಕಸಾಲಿಗರು ಅದನ್ನೇ ನೋಡಿಕೊಂಡು ಸಾವಿರಾರು ಪುತಳಿ ಮಾಡಿದರು. ಅಸಲಿ ವೆನಿಸ್‌ನದರಲ್ಲಿ ಲ್ಯಾಟಿನ್ ಅಕ್ಷರ ಓದೋಕೆ ಬರುತ್ತದೆ, ಇಲ್ಲಿನದರಲ್ಲಿ ಅಕ್ಷರ ಇರುವ ಜಾಗದಲ್ಲಿ ಬರೀ ಗೀಟುಗಳು. ನಿಮ್ಮದು ಇಲ್ಲಿನದೇ ಆಗಿದ್ದರೆ, ಬಹುತೇಕ ಆಗಿರುತ್ತದೆ, ಅದು ಒಡವೆ. ಗ್ರೇಡಿಂಗ್ ಮಾತು ಅಲ್ಲಿಗೇ ಮುಗಿಯಿತು.

ಕೊನೆಗೆ ನಮ್ಮ ನೆಲದವು: ವರಹ, ಅರ್ಧ ವರಹ, ಹಣ. ವಿಜಯನಗರದ ವರಹ ಸುಮಾರು 3.4 ಗ್ರಾಂ, ಅಂಗಿ ಗುಂಡಿಗಿಂತ ಸ್ವಲ್ಪ ದಪ್ಪ, ಒಂದು ಕಡೆ ದೇವರ ಜೋಡಿ ಇಲ್ಲ ಅಚ್ಯುತರಾಯನ ಗಂಡಭೇರುಂಡ, ಹಿಂದೆ ನಾಗರಿ ಅಕ್ಷರದಲ್ಲಿ ರಾಜನ ಹೆಸರು. ಇಕ್ಕೇರಿಯವರೂ ಶಿವ ಪಾರ್ವತಿಯರ ಅಚ್ಚನ್ನೇ ಇಟ್ಟುಕೊಂಡರು. ಹೈದರ್ ಅಲಿ ಕೂಡ ಅದೇ ಮುಖ ಉಳಿಸಿಕೊಂಡು ಬೆನ್ನಿಗೆ ತನ್ನ ಹೆಸರಿನ ಪರ್ಷಿಯನ್ ಅಕ್ಷರ ಹಾಕಿಸಿದ. ಟಿಪ್ಪು ಕಾಲದಲ್ಲಿ ಧಾರವಾಡದಲ್ಲೂ ಟಂಕಸಾಲೆ ಇತ್ತು, ಅದರ ನಾಣ್ಯಗಳ ಮೇಲೆ ಧಾರವಾಡದ ಹೆಸರು ಖುರ್ಷಿದ್ ಸವಾದ್ ಅಂತ ಇರುತ್ತದೆ. ಇಂಥವಕ್ಕೆ ಅಂಕಕ್ಕಿಂತ "ಇದು ಯಾರದು" ಅನ್ನೋದೇ ಮುಖ್ಯ. ಕೈಯಿಂದ ಬಡಿದು ಅಚ್ಚು ಹಾಕಿದ ನಾಣ್ಯ, ಚಿತ್ರ ಅರ್ಧ ಆಚೆ ಹೋಗಿರುತ್ತದೆ, ಅದು ದೋಷ ಅಲ್ಲ. ಹೆಸರು ಓದಿಸೋಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಶಾಸನ ಓದುವವರು ಸಿಗುತ್ತಾರೆ. ನಾಣ್ಯ ಒಯ್ಯಬೇಡಿ, ಎರಡೂ ಮುಖದ ಒಳ್ಳೆ ಫೋಟೋ ಒಯ್ಯಿರಿ.

ರಾಮಟಂಕಿ ಇದ್ದರೆ ಸುಮ್ನೆ ದೇವರ ಜಗುಲಿ ಮೇಲೆ ಇಡಿ. ರಾಮ ಪಟ್ಟಾಭಿಷೇಕದ ಚಿತ್ರ ಇರುವ ಅವು ಪೂಜೆಯ ಟಂಕ, ಚಲಾವಣೆಯ ನಾಣ್ಯ ಅಲ್ಲ, ಹಿತ್ತಾಳೆಯವೇ ಜಾಸ್ತಿ.

ಹೆಜ್ಜೆ 3: ಇಸ್ವಿ ಓದಿದ ಕೂಡಲೇ ಕಾನೂನು ನೋಡಿ

ಇದನ್ನು ಜನ ಕೊನೆಗೆ ನೋಡುತ್ತಾರೆ, ಕೆಲವರು ನೋಡುವುದೇ ಇಲ್ಲ. ನಾನು ಮೇಲಕ್ಕೆ ತಂದಿದ್ದೇನೆ ಯಾಕೆಂದರೆ ಅರ್ಧ ಜನರ ಪ್ರಶ್ನೆ ಇಲ್ಲೇ ಮುಗಿಯುತ್ತದೆ.

1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದನ್ನು ದೇಶದಿಂದ ಹೊರಗೆ ಕಳಿಸುವ ಹಕ್ಕು ಕೇಂದ್ರ ಸರ್ಕಾರಕ್ಕೆ ಮತ್ತು ಅದು ಒಪ್ಪಿಗೆ ಕೊಟ್ಟವರಿಗೆ ಮಾತ್ರ. ನೀವು ನಾನು ಕೊರಿಯರ್ ಮಾಡಿದರೆ ಅದು ಅಪರಾಧ, ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಇದೆ. "ಮಾರೋಕಲ್ಲ, ನೋಡಿ ವಾಪಸ್ ಕಳಿಸ್ತಾರೆ" ಅನ್ನುವ ಮಾತು ಕಸ್ಟಮ್ಸ್‌ನವರ ಮುಂದೆ ನಡೆಯಲ್ಲ. ನಮ್ಮ ಐದು ನಾಣ್ಯದಲ್ಲಿ ಒಂದೂ ಗಡಿ ದಾಟುವ ಹಾಗಿರಲಿಲ್ಲ, ಗಿನ್ನಿ ಎರಡೂ 1911 ಮತ್ತು 1918ರವು. ನೂರು ವರ್ಷದ ಗೆರೆ ಪ್ರತಿ ವರ್ಷ ಮುಂದೆ ಸರಿಯುತ್ತದೆ ಅನ್ನೋದೂ ಗಮನದಲ್ಲಿರಲಿ. ಐದನೇ ಜಾರ್ಜ್‌ನ ಗಿನ್ನಿಗಳು 1932ರವರೆಗೆ ಬಂದಿವೆ, ಇವತ್ತು ಹೊರಗಿರುವ ಇಸ್ವಿ ನಾಳೆ ಕಾಯ್ದೆಯ ಒಳಗೆ.

ಹಾಗಾದರೆ ಏಜೆಂಟ್ ಒಬ್ಬ "ನಾ ಮಾಡಿಸಿಕೊಡ್ತೀನ್ರಿ" ಅಂದರೆ? ಮೂರು ಪ್ರಶ್ನೆ ಕೇಳಿ. ನಾಣ್ಯ ಎಲ್ಲಿಗೆ ಹೋಗುತ್ತದೆ, ಯಾವ ಕಾಗದದ ಮೇಲೆ ಹೋಗುತ್ತದೆ, ಆ ಕಾಗದ ನನಗೆ ತೋರಿಸುತ್ತೀರಾ? ಒಂದಕ್ಕೆ ತಡವರಿಸಿದರೂ ಎದ್ದು ಬನ್ನಿ. ದೇಶದೊಳಗೇ ಪರಿಶೀಲನೆ ಮಾಡಿ ಕೊಡುವವರಾದರೆ ಮಾತು ಬೇರೆ, ಆಗ ಅವರ ಚೀಟಿಯನ್ನು ಹರಾಜಿನಲ್ಲಿ ಯಾರು ನಂಬುತ್ತಾರೆ ಅಂತ ಕೇಳಬೇಕು.

ಇನ್ನೊಂದು ಮಾತು, ಇದು ಗದಗ, ಹಾವೇರಿ ಕಡೆಯವರಿಗೆ ಜಾಸ್ತಿ. ಲಕ್ಕುಂಡಿಯ ಹಳೇ ಹೆಸರು ಲೊಕ್ಕಿಗುಂಡಿ, ಶಾಸನಗಳಲ್ಲಿ ಲೊಕ್ಕಿ ಗದ್ಯಾಣ ಅಂತ ಬಂಗಾರದ ನಾಣ್ಯದ ಹೆಸರೇ ಬರುತ್ತದೆ. ಹಾನಗಲ್ಲು ಕದಂಬರ ಊರು. ಅಂಥ ಕಡೆ ಪಾಯ ತೋಡುವಾಗ, ಹೊಲ ಹರಗುವಾಗ ಏನಾದರೂ ಸಿಕ್ಕರೆ ಅದು ಅಜ್ಜಿಯ ಗಂಟಿನ ಹಾಗಲ್ಲ. ನೆಲದಲ್ಲಿ ಸಿಕ್ಕಿದ್ದು ನಿಧಿ, ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಗ್ರೇಡಿಂಗು, ಮಾರಾಟ, ಯಾವುದೂ ಇಲ್ಲ. ಮನೆತನದಿಂದ ಬಂದಿದ್ದಾದರೆ ಅದಕ್ಕೆ ಸಾಕ್ಷಿ ಇಟ್ಟುಕೊಳ್ಳಿ: ಅಜ್ಜಿ ಹಾಕಿಕೊಂಡ ಹಳೇ ಫೋಟೋ, ಪಾಲುಪತ್ರದಲ್ಲಿ ಒಂದು ಸಾಲು, ಯಾವುದಾದರೂ ಸರಿ. ಮುಂದೆ ಹರಾಜಿನವರೂ ಕೇಳುತ್ತಾರೆ. ಏನಾದರೂ ಅನುಮಾನ ಇದ್ದರೆ ಧಾರವಾಡದಲ್ಲೇ ಭಾರತೀಯ ಪುರಾತತ್ವ ಸರ್ವೇಕ್ಷಣದ ವೃತ್ತ ಕಚೇರಿ ಇದೆ.

ಹೆಜ್ಜೆ 4: ಅಸಲಿಯಾ?

ತೂಕ ಮೊದಲು. ಗಿನ್ನಿ 7.94 ಗ್ರಾಂಗಿಂತ ಕೆಳಗೆ ಬಂದರೆ ಹಿಂದಿನ ಕಾಲದಲ್ಲಿ ಅದು ಚಲಾವಣೆಗೂ ಲಾಯಕ್ಕಿರಲಿಲ್ಲ. ಅಂದರೆ ಒಂದೋ ಬಹಳ ಸವೆದಿದೆ, ಇಲ್ಲ ಯಾರೋ ಅಂಚು ಕೆರೆದಿದ್ದಾರೆ, ಇಲ್ಲ ಖೋಟಾ. ಜಾಸ್ತಿ ಬಂದರೂ ಅನುಮಾನ ಪಡಿ, ಸರಕ್ಕೆ ಹಾಕಲು ಕೊಂಡಿ ಹಚ್ಚಿದ್ದ ಬೆಸುಗೆ ಉಳಿದಿರಬಹುದು.

ಆಮೇಲೆ ನೀರಿನ ಪರೀಕ್ಷೆ. ತಕ್ಕಡಿ ಮೇಲೆ ಒಂದು ಸಣ್ಣ ಲೋಟದಲ್ಲಿ ನೀರಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ, ಆದರೆ ತಳಕ್ಕೂ ಗೋಡೆಗೂ ತಾಗಬಾರದು. ಅಸಲಿ ಗಿನ್ನಿಗೆ ತಕ್ಕಡಿ 0.45ರ ಆಸುಪಾಸು ತೋರಿಸುತ್ತದೆ, ಮೊಹರಿಗೆ 0.66ರ ಆಸುಪಾಸು. ಅದೇ ತೂಕದ ಹಿತ್ತಾಳೆ ಗಿನ್ನಿಯಾದರೆ 0.9 ದಾಟುತ್ತದೆ. ಮೂರು ಸಲ ಮಾಡಿ ಸರಾಸರಿ ತಗೊಳ್ಳಿ. ಆಮೇಲೆ ಉಜ್ಜಬೇಡಿ, ಮೆತ್ತನೆ ಬಟ್ಟೆಯ ಮೇಲೆ ಇಟ್ಟು ಹಾಗೇ ಒಣಗಲು ಬಿಡಿ. ವರಹ, ಹಣಕ್ಕೆ ಈ ತಕ್ಕಡಿ ಸಾಲದು, ಅವು ಬಹಳ ಹಗುರ. ಕುಂಕುಮ, ಮಣ್ಣು ಕಚ್ಚಿದ ನಾಣ್ಯಕ್ಕೂ ಈ ಪರೀಕ್ಷೆ ಬೇಡ.

ಇನ್ನು ಪೇಟೆಗೆ ಹೋಗುವ ಮಾತು. ಹುಬ್ಬಳ್ಳಿಯ ಸರಾಫಗಟ್ಟಿಯಲ್ಲಿ ಒಂದು ಸುತ್ತು ಹಾಕಿದರೆ ಒರೆಗಲ್ಲು ಹಿಡಿದವರೂ ಸಿಗುತ್ತಾರೆ, ಎಕ್ಸ್‌ರೇ ಮಷೀನಿನಲ್ಲಿ ಟಂಚ್, ಅಂದರೆ ಬಂಗಾರದ ಶುದ್ಧತೆ, ನೋಡುವವರೂ ಸಿಗುತ್ತಾರೆ. ಒರೆಗಲ್ಲಿಗೆ ಕೊಡಬೇಡಿ! ಕಲ್ಲಿಗೆ ತಿಕ್ಕಿದರೆ ಅಂಚು ಹೋಯಿತು, ಆಸಿಡ್ ಹನಿ ಹಾಕಿದರೆ ಕಲೆ. ಕೆಲವು ಹಳಬರಿಗೆ ಅಂಚನ್ನು ಅರದಿಂದ ಒಂಚೂರು ಕೊರೆದು ನೋಡುವ ರೂಢಿ ಇದೆ, ಅವರ ಕೈಗೆ ಕೊಡುವ ಮುಂಚೆಯೇ ಬಾಯಿಬಿಟ್ಟು ಹೇಳಿ. ಮಷೀನಿನಲ್ಲೇ ಇಟ್ಟು ನೋಡಿಸಿ, ಎರಡೂ ಕಡೆ. ಅದು ಮೇಲ್ಮೈಯನ್ನಷ್ಟೇ ಓದುತ್ತದೆ, ಅದಕ್ಕೇ ನೀರಿನ ಪರೀಕ್ಷೆಯೂ ಬೇಕು ಅಂದಿದ್ದು.

ಇಲ್ಲಿ ನಾನು ಮೋಸ ಹೋಗುತ್ತಿದ್ದೆ. ನಮ್ಮ 1911ರ ಗಿನ್ನಿ ತೂಕದಲ್ಲಿ ಪಾಸು, ನೀರಲ್ಲಿ ಪಾಸು, ಟಂಚ್‌ನಲ್ಲೂ 22 ಕ್ಯಾರೆಟ್. ಆಮೇಲೆ ನಾಣ್ಯ ಬಲ್ಲ ಹಿರಿಯರೊಬ್ಬರಿಗೆ ತೋರಿಸಿದೆ. ಐದು ನಿಮಿಷ ಭೂತಗನ್ನಡಿ ಹಿಡಿದು ನೋಡಿ ಅವರು ಅಂದಿದ್ದು: "ಬಂಗಾರ ಖರೇ ಐತಿ ತಮ್ಮಾ, ನಾಣ್ಯ ಖೋಟಾ ಐತಿ." ನನಗೆ ಅರ್ಥವೇ ಆಗಲಿಲ್ಲ. ಬಂಗಾರ ಖರೇ ಇದ್ದರೆ ಖೋಟಾ ಮಾಡಿದವನಿಗೆ ಲಾಭ ಏನು? ಲಾಭ ಇದೆ. ಗಿನ್ನಿಗೆ ಒಳಗಿನ ಬಂಗಾರಕ್ಕಿಂತ ಜಾಸ್ತಿ ದರ ನಡೆಯುತ್ತಿದ್ದ ಕಾಲದಲ್ಲಿ ಬಿಡಿ ಬಂಗಾರ ತಂದು ಗಿನ್ನಿ ಅಚ್ಚು ಹಾಕುತ್ತಿದ್ದರು. 1950, 60ರ ದಶಕಗಳಲ್ಲಿ ಲೆಬನಾನಿನ ಬೈರೂತ್ ಇದಕ್ಕೇ ಹೆಸರಾಗಿತ್ತು. ಅಂಥವು ತೂಕ, ಟಂಚ್ ಎರಡರಲ್ಲೂ ಪಾಸಾಗುತ್ತವೆ. ಹಿಡಿಯಬೇಕಾದ್ದು ಕಣ್ಣಿನಿಂದ: ಅಕ್ಷರದ ಅಂಚು ಮೆತ್ತಗೆ, ಬಯಲು ಜಾಗದಲ್ಲಿ ಸಣ್ಣ ಗುಳ್ಳೆ, ಅಂಚಿನ ಗೀಟುಗಳು ಒಂದೇ ಸಮ ಇಲ್ಲದಿರೋದು. ಅಸಲಿ ಅಂತ ಗೊತ್ತಿರುವ ಇನ್ನೊಂದು ಗಿನ್ನಿಯನ್ನು ಪಕ್ಕದಲ್ಲಿಟ್ಟು ನೋಡೋದೇ ಎಲ್ಲಕ್ಕಿಂತ ಒಳ್ಳೆ ದಾರಿ. ಸರಾಫನಿಗೆ ಬಂಗಾರ ಗೊತ್ತು, ನಾಣ್ಯ ಗೊತ್ತಿರಬೇಕು ಅಂತೇನಿಲ್ಲ.

ಹೆಜ್ಜೆ 5: ಸ್ಥಿತಿ, ಮತ್ತೆ ಆ ಕೊಂಡಿಯ ಗುರುತು

ಮೊದಲು ಹೇಳಿದ 70ರ ಅಳತೆಯಲ್ಲಿ 60ರಿಂದ 70 ಅಂದರೆ ಚಲಾವಣೆಯಲ್ಲಿ ಓಡಾಡದ ನಾಣ್ಯ. 50ರಿಂದ 58 ಅಂದರೆ ಸ್ವಲ್ಪ ಓಡಾಡಿದ್ದು. 40ರ ಆಸುಪಾಸು ಇನ್ನೂ ಸ್ಪಷ್ಟ, 20, 30ರಲ್ಲಿ ಎತ್ತರದ ಭಾಗಗಳು ಚಪ್ಪಟೆ. ನಿಖರ ಅಂಕ ನಿಮಗೆ ಬೇಕಿಲ್ಲ, ಯಾವ ಮನೆಯಲ್ಲಿ ಕೂರುತ್ತದೆ ಅಂತ ಗೊತ್ತಾದರೆ ಸಾಕು.

ರಾತ್ರಿ ಉಳಿದ ದೀಪ ಆರಿಸಿ ಒಂದೇ ಬಲ್ಬಿನ ಕೆಳಗೆ ಕೂತುಕೊಳ್ಳಿ. ನಾಣ್ಯವನ್ನು ನಿಧಾನಕ್ಕೆ ಓರೆ ಮಾಡಿ ತಿರುಗಿಸಿ. ಹೊಳಪು ಗಾಲಿಯ ಕಡ್ಡಿಗಳ ಹಾಗೆ ಸುತ್ತುತ್ತಾ ಹೋದರೆ ಟಂಕಸಾಲೆಯ ಮೂಲ ಹೊಳಪು ಉಳಿದಿದೆ ಅಂತ ಅರ್ಥ. ಎಲ್ಲ ಕಡೆಯೂ ಹೊಸ ಸ್ಟೀಲ್ ತಾಟಿನ ಹಾಗೆ ಒಂದೇ ಸಮ ಹೊಳೆದರೆ ಪಾಲಿಶ್ ಆಗಿದೆ. ರಾಜನ ಕೆನ್ನೆ, ಮೀಸೆ, ಗಡ್ಡ, ಆ ಕಡೆ ಸೇಂಟ್ ಜಾರ್ಜ್‌ನ ಶಿರಸ್ತ್ರಾಣ ಮತ್ತು ಕುದುರೆಯ ಎದೆ, ಸವೆಯೋದು ಇಲ್ಲೇ ಮೊದಲು.

ಆಮೇಲೆ ಅಂಚನ್ನು ಸುತ್ತ ನೋಡಿ, ಗಡಿಯಾರದ ಹನ್ನೆರಡರ ಜಾಗದಲ್ಲಿ ವಿಶೇಷವಾಗಿ. ನಮ್ಮ ಕಡೆಯ ಬಂಗಾರದ ನಾಣ್ಯಕ್ಕೆ ದೊಡ್ಡ ಶತ್ರು ಕಳ್ಳ ಅಲ್ಲ, ಕೊಂಡಿ. ಗಿನ್ನಿ ಸಿಕ್ಕರೆ ಪತ್ತಾರನಿಗೆ ಕೊಟ್ಟು ಕೊಂಡಿ ಬೆಸೆಸಿ ಸರಕ್ಕೆ ಪೋಣಿಸೋದು, ಆಮೇಲೆ ಕಷ್ಟ ಬಂದಾಗ ಕೊಂಡಿ ಕಿತ್ತು ಒತ್ತೆ ಇಡೋದು, ಮತ್ತೆ ಬಿಡಿಸಿ ಬೆಸೆಸೋದು. ಬೆಸುಗೆಯ ಗುರುತು, ಅರ ಹಾಕಿದ ಗುರುತು, ತೂತು ಮುಚ್ಚಿದ ಗುರುತು ಇದ್ದರೆ ಗ್ರೇಡಿಂಗ್‌ನವರು ಅಂಕವನ್ನೇ ಕೊಡಲ್ಲ. "ಡೀಟೇಲ್ಸ್" ಅಂತ ಬರೆದು, ಒಡವೆಯಿಂದ ತೆಗೆದದ್ದು ಇಲ್ಲ ತೊಳೆದದ್ದು ಅಂತ ಚೀಟಿಯ ಮೇಲೆಯೇ ಹಾಕಿ ಕಳಿಸುತ್ತಾರೆ. ಅಂದರೆ ನೀವೇ ದುಡ್ಡು ಕೊಟ್ಟು ನಿಮ್ಮ ನಾಣ್ಯದ ಐಬನ್ನು ಪ್ಲಾಸ್ಟಿಕ್‌ನಲ್ಲಿ ಸೀಲ್ ಮಾಡಿಸಿದ ಹಾಗೆ. ಸಾಮಾನ್ಯ ಇಸ್ವಿಯ ಗಿನ್ನಿಗೆ ಕೊಂಡಿ ಗುರುತಿದ್ದರೆ ಇಲ್ಲಿಗೆ ನಿಲ್ಲಿಸಿ. ತುಂಬಾ ಅಪರೂಪದ ಮೊಹರೋ ವರಹವೋ ಆಗಿದ್ದರೆ ಮಾತ್ರ, ಐಬು ಇದ್ದರೂ ಅಸಲಿ ಅನ್ನುವ ಮಾತಿಗೇ ಬೆಲೆ ಇರುತ್ತದೆ.

ಹೆಜ್ಜೆ 6: ಕಾಗದ ಪೆನ್ನು ತಗೊಂಡು ಲೆಕ್ಕ

ಮೂರು ಸಂಖ್ಯೆ ಬರೆಯಿರಿ. ಮೊದಲನೇದು ಬಂಗಾರದ ಬೆಲೆ. ಗಿನ್ನಿಯಾದರೆ 7.32 ಗುಣಿಸು ಆ ದಿನದ 24 ಕ್ಯಾರೆಟ್ ದರ. ಲೆಕ್ಕಕ್ಕೆ ಸುಲಭ ಅಂತ ಗ್ರಾಂಗೆ 12,000 ಇಟ್ಟುಕೊಂಡರೆ 87,840 ರೂಪಾಯಿ. ಇದು ನಿಮ್ಮ ತಳ, ಇದಕ್ಕಿಂತ ಬಹಳ ಕೆಳಗೆ ಯಾರು ಕೇಳಿದರೂ ಕೊಡಬೇಡಿ.

ಎರಡನೇದು, ಅದೇ ಇಸ್ವಿಯ, ಅದೇ ಅಕ್ಷರದ, ಅದೇ ಸ್ಥಿತಿಯ ನಾಣ್ಯ ಹರಾಜಿನಲ್ಲಿ ನಿಜಕ್ಕೂ ಎಷ್ಟಕ್ಕೆ ಹೋಗಿದೆ. ಕೇಳಿದ ಬೆಲೆ ಅಲ್ಲ, ಮಾರಾಟವಾದ ಬೆಲೆ. ಜಾಲತಾಣದಲ್ಲಿ ಕೋಟಿ ರೂಪಾಯಿಗೆ ಇಟ್ಟವರು ಇಟ್ಟುಕೊಂಡೇ ಕೂತಿರುತ್ತಾರೆ. ಮುಂಬೈ, ಬೆಂಗಳೂರು, ಅಹಮದಾಬಾದಿನ ಹರಾಜು ಸಂಸ್ಥೆಗಳು ಹಳೇ ಹರಾಜಿನ ಫಲಿತಾಂಶವನ್ನು ತಮ್ಮ ತಾಣಗಳಲ್ಲೇ ಇಟ್ಟಿರುತ್ತವೆ, ಕೂತು ನೋಡಿ. ಮೂರನೇದು ಖರ್ಚು: ಗ್ರೇಡಿಂಗ್ ಫೀಸು, ಅದು ನಾಣ್ಯದ ಬೆಲೆ ಏರಿದ ಹಾಗೆ ಏರುತ್ತದೆ, ಹೋಗಿಬರುವ ಸಾಗಣೆ, ವಿಮೆ, ನಡುವಿನವರ ಕಮಿಷನ್.

ನನ್ನ ನಿಯಮ ಇದು, ನಾನೇ ಮಾಡಿಕೊಂಡಿದ್ದು: ನೀವು ಊಹಿಸಿದ ಅಂಕಕ್ಕಿಂತ ಒಂದು ಮೆಟ್ಟಿಲು ಕೆಳಗೆ ಬಂದರೂ, ಎರಡನೇ ಸಂಖ್ಯೆಯಿಂದ ಮೊದಲನೇದನ್ನು ಕಳೆದಾಗ ಉಳಿಯುವುದು ಖರ್ಚಿನ ಮೂರು ಪಟ್ಟಾದರೂ ಇರಬೇಕು. ಇಲ್ಲ ಅಂದರೆ ಬೇಡ. ಒಂದು ಮೆಟ್ಟಿಲು ಕೆಳಗೆ ಅಂತ ಯಾಕೆ ಅಂದರೆ ನಮ್ಮ ಮಗು ಎಲ್ಲರಿಗಿಂತ ಚಂದ ಅಂತ ಎಲ್ಲರಿಗೂ ಅನಿಸುತ್ತದೆ. ಸಾಮಾನ್ಯ ಇಸ್ವಿಯ ಗಿನ್ನಿ ಈ ಪರೀಕ್ಷೆಯಲ್ಲಿ ಪಾಸಾಗೋದು ಕಷ್ಟ. ಕೋಟಿಗಟ್ಟಲೆ ಅಚ್ಚಾದ ನಾಣ್ಯ ಅದು, ಬಂಗಾರದ ದರವೇ ಅದರ ದರ. 15 ರೂಪಾಯಿ, ಮೊಹರು, ಹೆಸರು ಪತ್ತೆಯಾದ ವರಹ, ಇವುಗಳಿಗೆ ಮಾತ್ರ ಲೆಕ್ಕ ಮುಂದಕ್ಕೆ ಹೋಗುತ್ತದೆ.

ಹೆಜ್ಜೆ 7: ಹೌದು ಅಂತಾದರೆ

ನೂರು ವರ್ಷ ದಾಟಿದ್ದಕ್ಕೆ ದೇಶದೊಳಗಿನ ದಾರಿಯೇ ದಾರಿ. ಪುರಾತನ ವಸ್ತು ಮಾರುವ ಪರವಾನಗಿ ಇರುವ ಹರಾಜು ಸಂಸ್ಥೆಗೆ ಮೊದಲು ಫೋಟೋ ಕಳಿಸಿ. ಅವರ ಪರಿಣತರೇ ನೋಡಿ, ಕ್ಯಾಟಲಾಗಿನಲ್ಲಿ ಸ್ಥಿತಿ ಬರೆದು, ಸ್ಲ್ಯಾಬ್ ಇಲ್ಲದೆಯೇ ಮಾರುತ್ತಾರೆ. ಭಾರತದ ಸಂಗ್ರಹಕಾರರು ಬಿಡಿ ನಾಣ್ಯವನ್ನು ಕೈಯಲ್ಲಿ ಹಿಡಿದು ಕೊಳ್ಳುವುದಕ್ಕೆ ಇನ್ನೂ ಒಗ್ಗಿಕೊಂಡಿದ್ದಾರೆ. ಕಮಿಷನ್ ಎಷ್ಟು, ಕನಿಷ್ಠ ಬೆಲೆ ಯಾರು ಇಡುತ್ತಾರೆ, ಮಾರದೆ ಉಳಿದರೆ ವಾಪಸ್ ಖರ್ಚು ಯಾರದು, ಎಷ್ಟು ದಿನಕ್ಕೆ ದುಡ್ಡು, ಎಲ್ಲ ಬರಹದಲ್ಲಿ ತಗೊಳ್ಳಿ. ಕೊಡುವ ಮುಂಚೆ ಎರಡೂ ಮುಖ ಮತ್ತು ಅಂಚಿನ ಫೋಟೋ, ತಕ್ಕಡಿ ಮೇಲಿಟ್ಟ ಫೋಟೋ, ರಸೀದಿಯಲ್ಲಿ ತೂಕ ಮತ್ತು ಇಸ್ವಿ. ಇಷ್ಟಿಲ್ಲದೆ ಕೈಬಿಡಬೇಡಿ.

ಈಗಾಗಲೇ ಸ್ಲ್ಯಾಬ್‌ನಲ್ಲಿರುವುದನ್ನು ಕೊಳ್ಳುವುದಾದರೆ ಚೀಟಿಯ ನಂಬರನ್ನು ಆ ಸಂಸ್ಥೆಯ ತಾಣದಲ್ಲಿ ಹಾಕಿ ಫೋಟೋಗೆ ಫೋಟೋ ಹೋಲಿಸಿ ನೋಡಿ. ಡಬ್ಬಿಯೂ ಖೋಟಾ ಬರುತ್ತದೆ.

ಮಾರಿದರೆ ತೆರಿಗೆಯೂ ಇದೆ. 24 ತಿಂಗಳು ದಾಟಿದ ಬಂಗಾರದ ಲಾಭಕ್ಕೆ 12.5 ಪರ್ಸೆಂಟ್. 2001ರ ಏಪ್ರಿಲ್ 1ಕ್ಕಿಂತ ಮುಂಚಿನಿಂದ ಮನೆಯಲ್ಲಿದ್ದರೆ ಆ ದಿನದ ಬೆಲೆಯನ್ನೇ ಕೊಂಡ ಬೆಲೆ ಅಂತ ಇಟ್ಟುಕೊಳ್ಳಬಹುದು, ನಿಮ್ಮ ಆಡಿಟರ್‌ಗೆ ಹೇಳಿ. ಎರಡು ಲಕ್ಷ ಮತ್ತು ಅದಕ್ಕಿಂತ ಜಾಸ್ತಿಯನ್ನು ಕ್ಯಾಶ್ ಆಗಿ ತಗೊಳ್ಳಬೇಡಿ, ಕಾನೂನು ಬಿಡಲ್ಲ. ಮತ್ತೆ ವಾಟ್ಸಾಪಿನಲ್ಲಿ "ಆರ್‌ಬಿಐ ಹಳೇ ನಾಣ್ಯ ಕೊಳ್ಳುತ್ತಿದೆ, ಮೊದಲು ಫೀಸು ಕಟ್ಟಿ" ಅಂತ ಬಂದರೆ ಅಳಿಸಿಬಿಡಿ. ಅಂಥ ವ್ಯವಹಾರ ತಾನು ಮಾಡಲ್ಲ ಅಂತ 2021ರಲ್ಲೇ ರಿಸರ್ವ್ ಬ್ಯಾಂಕ್ ಪ್ರಕಟಣೆ ಕೊಟ್ಟಿದೆ.

ನಮ್ಮ ಐದು ಏನಾದವು ಅಂತ ಕೇಳಬಹುದು. ಪುತಳಿ ಇಲ್ಲಿನದೇ, ಅತ್ತಿಯ ಸರಕ್ಕೆ ವಾಪಸ್ ಹೋಯಿತು. ಖೋಟಾ ಗಿನ್ನಿ ಬಂಗಾರದ ದರಕ್ಕೆ ಮಾರಾಯಿತು, ಖೋಟಾ ಅಂತ ಹೇಳಿಯೇ ಮಾರಿದೆವು. 1918ರ ಬಾಂಬೆ ಗಿನ್ನಿ ಲೆಕ್ಕದಲ್ಲಿ ಪಾಸಾಗಲಿಲ್ಲ, ರಟ್ಟಿನ ಹೋಲ್ಡರಿನಲ್ಲಿ ಲಾಕರಿನಲ್ಲಿದೆ. ಪಾಲಿಶ್ ಆದ ಮೊಹರನ್ನು ಕಾಕಾ ತಮ್ಮ ಪಾಲಿಗೇ ಹಾಕಿಕೊಂಡರು, ಯಾರೂ ಏನೂ ಅನ್ನಲಿಲ್ಲ. ಆ ತೊಗರಿಬೇಳೆಯಷ್ಟು ಹಣದ ಫೋಟೋ ಧಾರವಾಡಕ್ಕೆ ಒಯ್ದಿದ್ದೇನೆ, ಹಿಂದಿನ ಅಕ್ಷರದಲ್ಲಿ "ಶ್ರೀ" ಅನ್ನೋದು ಮಾತ್ರ ಓದೋಕೆ ಬಂದಿದೆ, ಇನ್ನೂ ಹತ್ತಿರದಿಂದ ತೆಗೆದ ಫೋಟೋ ತಗೊಂಡು ಬನ್ನಿ ಅಂದಿದ್ದಾರೆ.